ಟಿಕೆಟ್ ಇಲ್ಲದ ಬಾಗಿಲುಗಳು: ಕಾಲಾ ಘೋಡಾದ ಗ್ಯಾಲರಿಗಳಲ್ಲಿ ಒಂದು ಶನಿವಾರ



ಊರಿನಿಂದ ಯಕ್ಷಗಾನ ಮೇಳ ಬಂದಿದೆ ಎಂದರೆ ಮುಂಬಯಿಯ ಸಭಾಗೃಹಗಳು ತುಂಬುತ್ತವೆ. ಒಳ್ಳೆಯ ನಾಟಕವಿದ್ದರೆ ಡೊಂಬಿವಲಿಯಿಂದ, ವಸಾಯಿಯಿಂದ ಎರಡೆರಡು ಗಾಡಿ ಬದಲಿಸಿ ಜನ ಮಾಟುಂಗಾಕ್ಕೆ ಬರುತ್ತಾರೆ. ಆದರೆ ಚಿತ್ರಕಲಾ ಪ್ರದರ್ಶನ ಎಂಬ ಮಾತು ಬಂದಾಗ ಮಾತ್ರ ನಮ್ಮಲ್ಲಿ ಹೆಚ್ಚಿನವರು "ಅದೆಲ್ಲ ದೊಡ್ಡವರಿಗೆ ಬಿಡಿ, ನಮಗೇನು ತಿಳಿಯುತ್ತೆ" ಎಂದು ಪಕ್ಕಕ್ಕೆ ಸರಿಸಿಬಿಡುತ್ತೇವೆ. ಟಿಕೆಟ್ ಎಷ್ಟಿರಬಹುದು ಎಂದು ಕೇಳುವವರೂ ಇದ್ದಾರೆ. ಟಿಕೆಟ್ಟೇ ಇಲ್ಲ! ಪಾಸೂ ಬೇಡ, ಪರಿಚಯದವರ ಚೀಟಿಯೂ ಬೇಡ. ಬಾಗಿಲು ತಳ್ಳಿ ಒಳಗೆ ಹೋದರಾಯಿತು.

ಹೀಗೆ ಬಾಗಿಲು ತಳ್ಳದೆ ಇದ್ದುದರಿಂದ ಎಷ್ಟು ಕಳೆದುಕೊಂಡಿದ್ದೇವೆ ಎಂಬುದಕ್ಕೆ ಮುಂಬಯಿಯ ಫೋರ್ಟ್ ಪ್ರದೇಶವೇ ಸಾಕ್ಷಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ಬೀದಿಗಳಲ್ಲೇ ಬದುಕು ಕಟ್ಟಿಕೊಂಡವರು. ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ಸಂಜೆ ಕನ್ನಡದ ರಾತ್ರಿ ಶಾಲೆಗೆ ಓಡಿದವರು. ಬ್ಯಾಂಕು, ವಿಮಾ ಕಂಪನಿ, ಸರಕಾರಿ ಕಚೇರಿಗಳಲ್ಲಿ ಮೂವತ್ತು ಮೂವತ್ತೈದು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ದಿನಕ್ಕೆರಡು ಸಲ ಜಹಾಂಗೀರ್ ಆರ್ಟ್ ಗ್ಯಾಲರಿಯ ಮುಂದೆಯೇ ನಡೆದುಹೋದವರು ಅವರಲ್ಲಿ ಬೇಕಾದಷ್ಟಿದ್ದಾರೆ. ಒಳಗೆ ಹೋದವರು ಬೆರಳೆಣಿಕೆಯಷ್ಟು. ಹೋದವರಲ್ಲೂ ಕೆಲವರು ಮಳೆ ಬಂತೆಂದು ನುಗ್ಗಿದವರು!

ತಮಾಷೆಯೆಂದರೆ ಆ ಗ್ಯಾಲರಿ ಅಲ್ಲಿ ತಲೆಯೆತ್ತಿ ನಿಲ್ಲಲು ನಮ್ಮವರೊಬ್ಬರು ಕಾರಣ. ಉಡುಪಿಯ ಹತ್ತಿರ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಗೆ ಬಂದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂದೆ ಅಲ್ಲೇ ಕೆಲವು ಕಾಲ ಕಲಿಸಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈ ಊರಿನ ಕಲಾವಿದರಿಗೆ ತಮ್ಮ ಚಿತ್ರಗಳನ್ನು ನೆಟ್ಟಗೆ ತೂಗುಹಾಕಿ ನಾಲ್ಕು ಜನಕ್ಕೆ ತೋರಿಸಲು ಜಾಗಕ್ಕೇ ಬರ. ಹೋಟೆಲಿನ ಗೋಡೆ, ಚೌಕಟ್ಟು ಮಾಡುವ ಅಂಗಡಿಯ ಕಿಟಕಿ ಇಂಥಲ್ಲೆಲ್ಲ ಚಿತ್ರಗಳನ್ನು ಇಡುತ್ತಿದ್ದ ಕಾಲ. ಹೆಬ್ಬಾರರೂ ಅಣುವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದ್ದರ ಫಲವಾಗಿ ಸರ್ ಕಾವಸ್ಜಿ ಜಹಾಂಗೀರ್ ಅವರು ತೀರಿಕೊಂಡ ತಮ್ಮ ಮಗನ ನೆನಪಿಗೆ ಕೊಟ್ಟ ಹಣದಲ್ಲಿ 1952ರಲ್ಲಿ ಈ ಗ್ಯಾಲರಿ ಆರಂಭವಾಯಿತು. ಹೆಬ್ಬಾರರು 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಅವರಿಗೆ ಪದ್ಮಭೂಷಣ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸನ್ಮಾನ ಮಾಡಿ ಶಾಲು ಹೊದೆಸಿದೆವು. ಅವರು ತೆರೆಸಿದ ಬಾಗಿಲೊಳಗೆ ಹೋಗುವುದನ್ನು ಮಾತ್ರ ಮರೆತೆವು.

ಈಗ ಮೊದಲ ಅನುಮಾನಕ್ಕೆ ಬರೋಣ. ಪುಕ್ಕಟೆ ಯಾಕೆ? ಮುಂಬಯಿಯಲ್ಲಿ ಪಾಯಖಾನೆಗೂ ಹಣ ಕೊಡಬೇಕು. ಏಸಿ ಹಾಕಿ, ದೀಪ ಹಾಕಿ, ಕಾವಲುಗಾರನನ್ನು ನಿಲ್ಲಿಸಿ ಯಾರಾದರೂ ಸುಮ್ಮನೆ ಒಳಗೆ ಬಿಡುತ್ತಾರೆಯೆ? ಬಿಡುತ್ತಾರೆ, ಏಕೆಂದರೆ ಗ್ಯಾಲರಿಯ ಲೆಕ್ಕಾಚಾರದಲ್ಲಿ ನೋಡುವವನು ಗಿರಾಕಿಯೇ ಅಲ್ಲ. ಇದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ಯಾಲರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಜಹಾಂಗೀರ್ ಥರದ್ದು ಒಂದು. ಇಲ್ಲಿ ಕಲಾವಿದರೇ ಹಾಲನ್ನು ಒಂದು ವಾರಕ್ಕೆ ಬಾಡಿಗೆಗೆ ಹಿಡಿಯುತ್ತಾರೆ. ಬಾಡಿಗೆ ಕೊಟ್ಟ ಮಾತ್ರಕ್ಕೆ ಸಿಗುವುದಿಲ್ಲ. ಅರ್ಜಿ ಹಾಕಬೇಕು, ಕೃತಿಗಳ ಚಿತ್ರ ಕಳಿಸಬೇಕು, ಸಮಿತಿ ಒಪ್ಪಬೇಕು. ಒಪ್ಪಿದ ಮೇಲೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಮದುವೆ ಹಾಲಿಗೆ ಆರು ತಿಂಗಳು ಕಾಯುವ ನಮಗೆ ಇದು ಅರ್ಥವಾದೀತು. ಸರದಿ ಬಂದಾಗ ಆ ಕಲಾವಿದ ಬಾಡಿಗೆ ಕಟ್ಟಿ, ಫ್ರೇಮು ಹಾಕಿಸಿ, ಲಾರಿಯಲ್ಲೋ ರೈಲಿನಲ್ಲೋ ಚಿತ್ರಗಳನ್ನು ತಂದು, ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿ, ಏಳು ದಿನ ಈ ದುಬಾರಿ ಊರಿನಲ್ಲಿ ಉಳಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಒಂದು ಮೇಜಿನ ಹಿಂದೆ ಕೂತಿರುತ್ತಾನೆ. ಎಷ್ಟೋ ಸಲ ಅದು ಎರಡು ಮೂರು ವರ್ಷದ ಉಳಿತಾಯ. ಕಲಬುರಗಿ, ಧಾರವಾಡ, ದಾವಣಗೆರೆ, ಮೈಸೂರು, ಬಾದಾಮಿಯ ಕಲಾಶಾಲೆಗಳಲ್ಲಿ ಕಲಿತವರೂ ಹೀಗೆ ಬಂದು ಕೂರುತ್ತಾರೆ. ಲಕ್ಷಾಂತರ ಕನ್ನಡಿಗರಿರುವ ಊರಿಗೆ ಬಂದು, ಏಳು ದಿನ ಕೂತು, ಕನ್ನಡದಲ್ಲಿ ಒಂದು ಮಾತೂ ಕೇಳದೆ ಗಂಟುಮೂಟೆ ಕಟ್ಟುವವರೂ ಅವರಲ್ಲಿರುತ್ತಾರೆ. ನಿಮ್ಮ ಊರಿನ ಮೇಳ ಬಂದು ಖಾಲಿ ಕುರ್ಚಿಗಳ ಮುಂದೆ ಆಟ ಆಡಿ ಹೋದರೆ ನಿಮಗೆ ಹೇಗನ್ನಿಸೀತು?

ಇನ್ನೊಂದು ಬಗೆ ಖಾಸಗಿ ಗ್ಯಾಲರಿ. ಇಲ್ಲಿ ಕಲಾವಿದ ಬಾಡಿಗೆ ಕೊಡುವುದಿಲ್ಲ. ಗ್ಯಾಲರಿಯವರೇ ಕೆಲವು ಕಲಾವಿದರನ್ನು ಆರಿಸಿಕೊಂಡು, ಅವರ ಪ್ರದರ್ಶನ ಏರ್ಪಡಿಸಿ, ಮಾರಾಟವಾದರೆ ಬಂದ ಹಣದಲ್ಲಿ ದೊಡ್ಡ ಪಾಲು, ಸಾಮಾನ್ಯವಾಗಿ ಅರ್ಧದಷ್ಟು, ತಾವು ತೆಗೆದುಕೊಳ್ಳುತ್ತಾರೆ. ಕೊಳ್ಳುವವರು ಎಲ್ಲೋ ಕೆಲವೇ ಜನ. ಅವರಲ್ಲಿ ಎಷ್ಟೋ ಮಂದಿ ಫೋನಿನಲ್ಲೇ ವ್ಯವಹಾರ ಮುಗಿಸುತ್ತಾರೆ. ಹಾಗಾದರೆ ನಾವು ನೀವು ಹೋದರೆ ಅವರಿಗೇನು ಲಾಭ? ಇದೆ. ಯಾರೂ ನೋಡದ ಕಲಾವಿದನಿಗೆ ಹೆಸರಿಲ್ಲ, ಹೆಸರಿಲ್ಲದವನಿಗೆ ಬೆಲೆಯಿಲ್ಲ. ಜನ ಬರಬೇಕು, ಮಾತಾಡಬೇಕು, ವಿದ್ಯಾರ್ಥಿಗಳು ಬರಬೇಕು, ಪತ್ರಿಕೆಯವರು ಬರೆಯಬೇಕು. ಹೀಗಾಗಿ ನೀವು ಹೋಗುವುದು ಅವರಿಗೂ ಬೇಕಾದದ್ದೇ. ಕೊಳ್ಳದೆ ಹೊರಗೆ ಬಂದರೆ ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಎದ್ದು ಬಂದ ಹಾಗೆ ಸಂಕೋಚಪಡಬೇಕಾಗಿಲ್ಲ.

ಇನ್ನು ಒಂದು ದಿನದ ದಾರಿ. ಪುಣೆಯ ಕೇಳುಗರನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇನೆ, ಯಾಕೆಂದರೆ ಅವರಿಗೆ ಇದು ಪಕ್ಕದ ಊರಿನ ಪ್ರವಾಸ. ಠಾಣೆ, ಮುಲುಂಡ್, ಬೊರಿವಲಿಯವರು ತಮ್ಮ ತಮ್ಮ ಲೋಕಲ್ ಗಾಡಿ ಹಿಡಿದು ಅರ್ಧದಲ್ಲಿ ಸೇರಿಕೊಳ್ಳಬಹುದು. 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಾಡಿ. ಬೆಳಿಗ್ಗೆ ಏಳೂಕಾಲಕ್ಕೆ ಪುಣೆ ಬಿಟ್ಟರೆ ಹತ್ತೂವರೆಯ ಒಳಗೆ ಸಿ.ಎಸ್.ಎಂ.ಟಿ., ಅಂದರೆ ನಮ್ಮ ಹಳೆಯ ವಿ.ಟಿ. ಸಂಜೆ ಐದು ಹತ್ತಕ್ಕೆ ಅದೇ ಗಾಡಿ ವಾಪಸು. ಗ್ಯಾಲರಿಗಳು ಹೆಚ್ಚಾಗಿ ತೆರೆಯುವುದೇ ಹನ್ನೊಂದಕ್ಕೆ. ಮಧ್ಯೆ ಆರು ಗಂಟೆ ಕೈಯಲ್ಲಿ ಸಿಕ್ಕಿತಲ್ಲ! ದಿನ ಮಾತ್ರ ಶನಿವಾರವೇ ಇರಲಿ. ಭಾನುವಾರ ಖಾಸಗಿ ಗ್ಯಾಲರಿಗಳು ಬಹುತೇಕ ಮುಚ್ಚಿರುತ್ತವೆ, ಕೆಲವು ಸೋಮವಾರವೂ ಇಲ್ಲ.

ವಿ.ಟಿ.ಯಿಂದ ಡಿ.ಎನ್. ರಸ್ತೆ ಹಿಡಿದು ಕಮಾನುಗಳ ನೆರಳಿನಲ್ಲೇ ನಡೆಯಿರಿ. ಈ ರಸ್ತೆಯಿಂದ ಸ್ವಲ್ಪ ಒಳಗೆ ಪ್ರೆಸ್ಕಾಟ್ ರೋಡಿನಲ್ಲಿ ಕ್ವೀನ್ಸ್ ಮ್ಯಾನ್ಶನ್ ಎಂಬ ಹಳೆಯ ಕಟ್ಟಡ. ಮೂರನೆಯ ಮಹಡಿಯಲ್ಲಿ ಕೆಮೋಲ್ಡ್ ಗ್ಯಾಲರಿ. ಕೆಳಗೆ ನಿಂತರೆ ಇಲ್ಲಿ ಇಂಥದ್ದೊಂದು ಇದೆ ಎಂದು ಯಾರೂ ಹೇಳಲಾರರು. ಹತ್ತಿ ಹೋಗಿ ಬಾಗಿಲು ತೆರೆದರೆ ವಿಶಾಲವಾದ ಬಿಳಿ ಗೋಡೆಯ ಹಜಾರ. ಹೆಸರಿನ ಕತೆಯೂ ಸ್ವಾರಸ್ಯದ್ದು. ಕೆಕೂ ಗಾಂಧಿ ಎಂಬ ಪಾರ್ಸಿ ಮಹನೀಯರ ಕೆಮಿಕಲ್ ಮೋಲ್ಡಿಂಗ್ ಕಂಪನಿ ಚಿತ್ರಕ್ಕೆ ಹಾಕುವ ಚೌಕಟ್ಟುಗಳನ್ನು ತಯಾರಿಸುತ್ತಿತ್ತು. ಆ ಎರಡು ಪದ ಸೇರಿ ಕೆಮೋಲ್ಡ್. ಚೌಕಟ್ಟು ಮಾಡಿಸಲು ಬಂದ ಕಲಾವಿದರ ಚಿತ್ರಗಳನ್ನು ಅಂಗಡಿಯಲ್ಲೇ ಇಟ್ಟು ತೋರಿಸುತ್ತ ತೋರಿಸುತ್ತ, ಅವರೂ ಪತ್ನಿ ಖೋರ್ಶೆದ್ ಅವರೂ 1963ರಲ್ಲಿ ಜಹಾಂಗೀರ್ ಕಟ್ಟಡದ ಮಹಡಿಯಲ್ಲೇ ಗ್ಯಾಲರಿ ತೆರೆದರು. 2007ರಲ್ಲಿ ಅದು ಪ್ರೆಸ್ಕಾಟ್ ರೋಡಿಗೆ ಬಂತು. ಘಾಟ್ಕೋಪರಿನ ಅತುಲ್ ದೋಡಿಯಾ ಅವರ ಕೃತಿಗಳನ್ನು ತೋರಿಸುತ್ತ ಬಂದ ಗ್ಯಾಲರಿ ಇದೇ. ಅಂಗಡಿಗೆ ಹಾಕುವ ರೋಲಿಂಗ್ ಶಟರಿನ ಮೇಲೂ ಚಿತ್ರ ಬರೆದವರು ಅವರು. ಶಟರ್ ಎಳೆದರೆ ಒಂದು ಚಿತ್ರ, ಎತ್ತಿದರೆ ಹಿಂದೆ ಇನ್ನೊಂದು. ದಂಗೆಯಲ್ಲಿ, ಬಂದ್‌ನಲ್ಲಿ ದಡಬಡ ಶಟರ್ ಎಳೆದ ಸದ್ದು ಕೇಳಿ ಬೆಳೆದ ಮುಂಬಯಿಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿಂದ ಹುತಾತ್ಮ ಚೌಕ ದಾಟಿ ಹತ್ತು ಹದಿನೈದು ನಿಮಿಷ ನಡೆದರೆ ಕಾಲಾ ಘೋಡಾ. (ಅಂಧೇರಿ, ಬಿ.ಕೆ.ಸಿ. ಕಡೆಯಿಂದ ಬರುವವರಿಗೆ 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೋ ಹುತಾತ್ಮ ಚೌಕದಲ್ಲೇ ಇಳಿಸುತ್ತದೆ.) ಕಪ್ಪು ಕುದುರೆಯ ಮೇಲೆ ಕೂತಿದ್ದ ಏಳನೆಯ ಎಡ್ವರ್ಡನ ಪ್ರತಿಮೆಯನ್ನು 1965ರಲ್ಲಿ ಭಾಯಖಳದ ರಾಣಿಬಾಗ್‌ಗೆ ಸಾಗಿಸಿದರೂ ಹೆಸರು ಮಾತ್ರ ಉಳಿದುಬಿಟ್ಟಿತು. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆಯೊಂದನ್ನು ಅಲ್ಲಿ ನಿಲ್ಲಿಸಿದ್ದಾರೆ. ರಾಜ ಹೋದ, ಕುದುರೆ ಬಂತು.

ಜಹಾಂಗೀರ್ ಗ್ಯಾಲರಿ ಎದುರಿಗೇ ಇದೆ. ಮುಂಬಾಗಿಲ ಮೇಲೆ ಅಲೆಯಲೆಯಾಗಿ ಮಡಿಚಿದಂಥ ಕಾಂಕ್ರೀಟಿನ ಚಪ್ಪರವನ್ನು ಒಮ್ಮೆ ತಲೆಯೆತ್ತಿ ನೋಡಿ. ವಾಸ್ತುಶಿಲ್ಪಿ ದುರ್ಗಾ ಬಾಜಪೇಯಿ ಅವರದು. ಒಳಗೆ ಒಂದೇ ಪ್ರದರ್ಶನವಿರುವುದಿಲ್ಲ, ಬೇರೆಬೇರೆ ಹಾಲುಗಳಲ್ಲಿ ಬೇರೆಬೇರೆ ಕಲಾವಿದರಿರುತ್ತಾರೆ. ಒಂದರಲ್ಲಿ ಬನಾರಸದ ಘಾಟುಗಳ ಜಲವರ್ಣ ಇದ್ದರೆ ಪಕ್ಕದಲ್ಲಿ ಬರೀ ಬಣ್ಣದ ಪದರಗಳು, ಅದರಾಚೆ ಯಾರದೋ ಮರದ ಶಿಲ್ಪ. ನಿಜ ಹೇಳಬೇಕೆಂದರೆ ಎಲ್ಲವೂ ಚೆನ್ನಾಗಿರುವುದಿಲ್ಲ. ಗಣಪತಿಯನ್ನೂ ಕುದುರೆಯನ್ನೂ ಮಾರಾಟಕ್ಕಾಗಿಯೇ ಬರೆದ ಗೋಡೆಗಳೂ ಸಿಗುತ್ತವೆ. ಆದರೆ ನಾಲ್ಕರಲ್ಲಿ ಒಂದು ನಿಮ್ಮನ್ನು ಹಿಡಿದು ನಿಲ್ಲಿಸೀತು. ಮಳೆಗಾಲದಲ್ಲಿ ಕಲಾಶಾಲೆಯ ಎಳೆಯರಿಗಾಗಿಯೇ ನಡೆಯುವ ಮಾನ್ಸೂನ್ ಷೋ ನನಗಂತೂ ಹೆಚ್ಚು ಇಷ್ಟ. ಅಲ್ಲಿ ಇನ್ನೂ ಯಾರೂ ಮಾರುಕಟ್ಟೆಯ ಅಂದಾಜು ಕಲಿತಿರುವುದಿಲ್ಲ. ಪ್ರದರ್ಶನಗಳು ವಾರಕ್ಕೊಮ್ಮೆ ಬದಲಾಗುತ್ತವೆ ಎಂಬುದನ್ನು ನೆನಪಿಡಿ. ಕೊನೆಯ ದಿನ ಸಂಜೆ ಹೋದರೆ ಗೋಡೆಯಿಂದ ಚಿತ್ರ ಇಳಿಸಿ ಪ್ಲಾಸ್ಟಿಕ್ ಸುತ್ತುವುದನ್ನು ನೋಡಿ ಬರಬೇಕಾದೀತು. ಗ್ಯಾಲರಿಯ ಹೊರಗೆ ಪುಟ್‌ಪಾತಿನ ಮೇಲೆ ಕೂತ ಚಿತ್ರಕಾರರನ್ನೂ ದಾಟಿಹೋಗಬೇಡಿ. ಒಳಗಿನ ಸಮೋವರ್ ಕೆಫೆಯನ್ನು ಹುಡುಕಬೇಡಿ, 1964ರಿಂದ ಕಲಾವಿದರ ಹರಟೆಕಟ್ಟೆಯಾಗಿದ್ದ ಅದು 2015ರಲ್ಲಿ ಮುಚ್ಚಿತು. ಊಟಕ್ಕೆ ಫೋರ್ಟಿನ ಗಲ್ಲಿಗಳಲ್ಲಿ ನಮ್ಮವರ ಹೋಟೆಲುಗಳಿಗೇನು ಕೊರತೆ!

ಊಟವಾದ ಮೇಲೆ ಕಾಲಿನಲ್ಲಿ ಶಕ್ತಿಯಿದ್ದವರು ರೀಗಲ್ ಸರ್ಕಲ್ ದಾಟಿ ಕೊಲಾಬಾಕ್ಕೆ ಹೋಗಬಹುದು. ತಾಜ್ ಹೋಟೆಲಿನ ಹಿಂಬದಿಯ ಮೆರೆವೆದರ್ ರೋಡಿನಲ್ಲಿ ದೇವಿದಾಸ್ ಮ್ಯಾನ್ಶನ್‌ನ ಮಹಡಿಯಲ್ಲಿ ಝವೇರಿ ಕಂಟೆಂಪರರಿ, ಅದೇ ಬೀದಿಯ ಸನ್ನಿ ಹೌಸ್‌ನಲ್ಲಿ ಕೋಲ್ಕತ್ತಾ ಮೂಲದ ಎಕ್ಸ್‌ಪೆರಿಮೆಂಟರ್. ಎಲ್ಲವೂ ಪುಕ್ಕಟೆ. ದಾರಿಯಲ್ಲಿ ಸಿಗುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೂ ವಸ್ತುಸಂಗ್ರಹಾಲಯಕ್ಕೂ ಮಾತ್ರ ಟಿಕೆಟ್ ಇದೆ. ಅವುಗಳಿಗೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ. ಒಂದೇ ದಿನ ಆರೇಳು ಗ್ಯಾಲರಿ ತಿರುಗಿದರೆ ಸಂಜೆಗೆ ಏನೂ ನೆನಪಿರುವುದಿಲ್ಲ. ಮೂರು ಸಾಕು.

ಬಾಗಿಲಿನ ಬಗ್ಗೆ ಒಂದು ಮಾತು. ಖಾಸಗಿ ಗ್ಯಾಲರಿಗಳ ಬಾಗಿಲು ಹಾಕಿಯೇ ಇರುತ್ತದೆ, ಬೆಲ್ ಒತ್ತಬೇಕು. ಹಳೆಯ ಕಟ್ಟಡದ ಕತ್ತಲೆ ಮೆಟ್ಟಿಲು, ಮಸುಕಾದ ನಾಮಫಲಕ, ಒಳಗೆ ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗಿ ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸುತ್ತಾಳೆ. ಮೊದಲ ಸಲ ಹೋದವರು ಇದನ್ನು ತಿರಸ್ಕಾರ ಎಂದುಕೊಳ್ಳುತ್ತಾರೆ. ಹಾಗಲ್ಲ. ನಿಮ್ಮನ್ನು ನಿಮ್ಮಷ್ಟಕ್ಕೆ ಬಿಡುವುದೇ ಅಲ್ಲಿನ ಮರ್ಯಾದೆ. "ಏನು ಬೇಕಿತ್ತು?" ಎಂದು ಬೆನ್ನು ಹತ್ತದಿರುವುದೇ ಉಪಕಾರ. ಚಪ್ಪಲಿ ಹಾಕಿಕೊಂಡೇ ಹೋಗಿ, ಸೀರೆಯಲ್ಲಿ ಹೋಗಿ, ಕೈಯಲ್ಲಿ ತರಕಾರಿ ಚೀಲವಿದ್ದರೆ ಮೇಜಿನ ಬಳಿ ಇಡಿ. ನಿಮಗೇನಾದರೂ ತಿಳಿಯಬೇಕಿದ್ದರೆ ಅದೇ ಹುಡುಗಿಯನ್ನು ಕೇಳಿ, ಹಿಂದಿಯಲ್ಲೋ ಮರಾಠಿಯಲ್ಲೋ. ಮುಖ ಅರಳಿಸಿ ಹೇಳುತ್ತಾಳೆ, ದಿನವಿಡೀ ಅವಳನ್ನು ಕೇಳುವವರು ಇರುವುದೇ ಕಡಿಮೆ.

ಈಗ ದೊಡ್ಡ ತೊಡಕು. "ಹೋದೆವು ಸರಿ, ನೋಡುವುದು ಹೇಗೆ? ಇದೇನಿದು, ನಮ್ಮ ಮನೆಯ ಹುಡುಗನೂ ಗೀಚುತ್ತಾನೆ!" ಎನ್ನುವವರಿದ್ದಾರೆ. ಹೆಬ್ಬಾರರ ನೃತ್ಯದ ರೇಖೆಗಳಾದರೆ ಕಣ್ಣಿಗೆ ಹಿತ, ಕೋಳಿ ಅಂಕವಾದರೆ ನಾವು ಕಂಡದ್ದು. ಇಂದಿನ ಗ್ಯಾಲರಿಯಲ್ಲಿ ನೆಲದ ಮೇಲೆ ಹಗ್ಗ, ಗೋಡೆಗೆ ಒರಗಿಸಿದ ತಗಡು, ಕತ್ತಲೆ ಕೋಣೆಯಲ್ಲಿ ಓಡುವ ವಿಡಿಯೋ. ಇವನ್ನು ಎದುರಿಸುವುದು ಹೇಗೆ?

ಒಂದು ಉದಾಹರಣೆ ಹೇಳುತ್ತೇನೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿರುವ ಶೀಲಾ ಗೌಡ ಇಂದು ಪ್ರಪಂಚದ ದೊಡ್ಡ ಕಲಾ ಮೇಳಗಳಲ್ಲೆಲ್ಲ ಹೆಸರು ಮಾಡಿದ ಕಲಾವಿದೆ. 1998ರಲ್ಲಿ ಅವರೊಂದು ಕೃತಿ ಮಾಡಿದರು. ಸೂಜಿಗಳಿಗೆ ಒಂದೊಂದಕ್ಕೂ ಉದ್ದಾನುದ್ದ ದಾರ ಪೋಣಿಸಿ, ಆ ಎಳೆಗಳನ್ನೆಲ್ಲ ಒಟ್ಟುಗೂಡಿಸಿ, ಅಂಟೂ ಕುಂಕುಮವೂ ಬಳಿದು ಕೆಂಪು ಹಗ್ಗವಾಗಿಸಿದರು. ಆ ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಸುತ್ತಿ ಸುಳಿದು ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಜೋತುಬಿದ್ದಿರುತ್ತದೆ. "ಅವನಿಗೆ ನನ್ನ ನೋವನ್ನು ಹೇಳು" ಎಂಬರ್ಥದ ಇಂಗ್ಲಿಷ್ ಹೆಸರು ಅದಕ್ಕೆ. ಇಷ್ಟೇ ಕೃತಿ. ದೂರದಿಂದ ನೋಡಿದರೆ ರಕ್ತನಾಳವೋ, ಕರುಳೋ, ಬರವಣಿಗೆಯೋ ಎಂಬಂತೆ ಕಾಣುತ್ತದೆ. ಹತ್ತಿರ ಬಂದಾಗ ಸೂಜಿ ಕಾಣುತ್ತದೆ, ಅಷ್ಟು ದಾರ ಪೋಣಿಸಲು ಎಷ್ಟು ದಿನ ಹಿಡಿದಿರಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಯಾರೂ ಲೆಕ್ಕಕ್ಕೆ ಹಿಡಿಯದ ಹೆಂಗಸರ ಮನೆಗೆಲಸ ನೆನಪಾಗುತ್ತದೆ. ಈಗ ಹೇಳಿ, ಕುಂಕುಮ ಎಂದರೇನು, ಅದು ಹಣೆಯಲ್ಲಿದ್ದಾಗ ಏನು, ಅಳಿಸಿದಾಗ ಏನು ಎಂಬುದನ್ನು ಲಂಡನ್ನಿನ ವಿಮರ್ಶಕ ಪುಸ್ತಕ ಓದಿ ತಿಳಿಯಬೇಕು. ನಿಮ್ಮ ಅಜ್ಜಿಗೆ ಗೊತ್ತಿತ್ತು, ನಿಮಗೂ ಗೊತ್ತು. ಇದೇ ಶೀಲಾ ಗೌಡ ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ಬಣ್ಣ ಬಿಟ್ಟು ಸಗಣಿಯಿಂದ ಕೃತಿಗಳನ್ನು ಮಾಡತೊಡಗಿದ್ದರು. ಅಂಗಳ ಸಾರಿಸಿದ ಕೈಗಳಿಗೆ ಅದರ ಅರ್ಥ ಬಿಡಿಸಿ ಹೇಳುವವರು ಯಾರು?

ಇನ್ನೊಬ್ಬರು ಕುಂದಾಪುರದ ಹತ್ತಿರದ ಕೋಟೇಶ್ವರದವರಾದ ಎಲ್.ಎನ್. ತಲ್ಲೂರ್. 2011ರಲ್ಲಿ ಅವರು ಮಾಡಿದ ಒಂದು ಕೃತಿಯಲ್ಲಿ ಕಂಚಿನ ಪ್ರಭಾವಳಿ ಇದೆ, ಜ್ವಾಲೆಗಳಿವೆ, ಎಲ್ಲ ನಟರಾಜನ ವಿಗ್ರಹದ್ದೇ. ನಡುವೆ ನಟರಾಜನಿಲ್ಲ. ಅವನ ಜಾಗದಲ್ಲಿ ನಾಣ್ಯಗಳು ಹುದುಗಿದ ಕಾಂಕ್ರೀಟಿನ ಗುಂಡು. ಹೆಸರು 'ಯೂನಿಕೋಡ್'. ನೋಡಿದ ಕೂಡಲೆ ನಗು ಬರುತ್ತದೆ, ಆಮೇಲೆ ಸ್ವಲ್ಪ ಕಸಿವಿಸಿ. ಹುಂಡಿ, ಗರ್ಭಗುಡಿ, ಬಿಲ್ಡರು ಎಲ್ಲ ಒಟ್ಟಿಗೆ ನೆನಪಾಗುತ್ತಾರೆ. ಪ್ರಭಾವಳಿ ಎಂಬ ಶಬ್ದವೇ ಗೊತ್ತಿಲ್ಲದವನಿಗೆ ಈ ಚೇಷ್ಟೆಯಲ್ಲಿ ಅರ್ಧ ತಪ್ಪಿಹೋಗುತ್ತದೆ. ನಮಗೆ ಅದು ಮನೆಯ ಮಾತು.

ಹೀಗೆ ನೋಡಿದರೆ ಸಮಕಾಲೀನ ಕಲೆಗೆ ಬೇಕಾದ ಕೀಲಿಕೈಗಳಲ್ಲಿ ಎಷ್ಟೋ ನಮ್ಮ ಸೊಂಟದಲ್ಲೇ ಇವೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಸುದರ್ಶನ್ ಶೆಟ್ಟಿಯವರ ತಂದೆ ಯಕ್ಷಗಾನ ಕಲಾವಿದರು. ಶೆಟ್ಟಿಯವರ ಯಂತ್ರದಿಂದ ಅಲುಗಾಡುವ ಶಿಲ್ಪಗಳ ಮುಂದೆ ನಿಂತಾಗ ನನಗೆ ಚೌಕಿಯಲ್ಲಿ ಬಿಚ್ಚಿಟ್ಟ ವೇಷ ನೆನಪಾಗುವುದುಂಟು; ಅದು ಸರಿಯೋ ತಪ್ಪೋ, ನನ್ನ ನೋಟ. 2012ರಲ್ಲಿ ಅವರು ಬಿ.ಕೆ.ಸಿ.ಯ ಮೇಕರ್ ಮ್ಯಾಕ್ಸಿಟಿ ಆವರಣದಲ್ಲಿ ಡಬಲ್ ಡೆಕ್ಕರ್ ಬಸ್ಸಿಗೆ ಉಕ್ಕಿನ ರೆಕ್ಕೆ ಕಟ್ಟಿ ನಿಲ್ಲಿಸಿದರು. ಬೆಸ್ಟ್ ಬಸ್ಸಿನ ಮೇಲ್ಮಹಡಿಯ ಮುಂದಿನ ಸೀಟಿಗಾಗಿ ಓಡಿದವರಿಗೆ ಅದೇನೆಂದು ವಿವರಣೆ ಬೇಕೆ? ಬೆಂಗಳೂರಿನ ಎನ್. ಪುಷ್ಪಮಾಲಾ 1990ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಮುಖವಾಡ ತೊಟ್ಟ 'ಫ್ಯಾಂಟಮ್ ಲೇಡಿ'ಯಾಗಿ ತಾವೇ ನಿಂತು ಫೋಟೋ ಸರಣಿ ತೆಗೆಸಿದರು. ಫಿಯರ್‌ಲೆಸ್ ನಾಡಿಯಾಳ ಸಿನಿಮಾ ನೋಡಿದ ಹಿರಿಯರು ಅದನ್ನು ಕಂಡು ಮೀಸೆಯಲ್ಲೇ ನಗುತ್ತಾರೆ. ಇನ್ನು ಪುಣೆಯಲ್ಲಿ ಹುಟ್ಟಿ, ಅಲ್ಲೇ ವೈದ್ಯ ಓದಿ, ಠಾಣೆಯಲ್ಲಿ ಕ್ಷಕಿರಣ ತಜ್ಞರಾಗಿದ್ದುಕೊಂಡೇ ಚಿತ್ರ ಬರೆದ ಸುಧೀರ್ ಪಟವರ್ಧನ್ ಅವರ ಕ್ಯಾನ್ವಾಸುಗಳಲ್ಲಿ ಇರುವವರು ಲೋಕಲ್ ಗಾಡಿಯ ಜನ, ಇರಾನಿ ಹೋಟೆಲಿನ ಜನ, ಅಂದರೆ ನಾವೇ.

ನೋಡುವ ಕ್ರಮ ಎಂದು ಶಾಸ್ತ್ರವೇನಿಲ್ಲ. ನಾನು ಮಾಡುವುದನ್ನು ಹೇಳುತ್ತೇನೆ. ಮೊದಲು ಇಡೀ ಕೋಣೆಯನ್ನು ಒಂದು ಸುತ್ತು ಬೇಗ ಹಾಕಿ. ಯಾವುದು ನಿಮ್ಮನ್ನು ಎಳೆಯಿತೋ, ಇಲ್ಲವೆ ಯಾವುದು ಸಿಟ್ಟು ತರಿಸಿತೋ, ಅದರ ಮುಂದೆ ವಾಪಸು ಬಂದು ಐದು ನಿಮಿಷ ನಿಲ್ಲಿ. ಐದು ನಿಮಿಷ ಎಂದರೆ ಸಣ್ಣದಲ್ಲ, ಗಡಿಯಾರ ನೋಡಿದರೆ ತಿಳಿಯುತ್ತದೆ. ಯಾವುದರಿಂದ ಮಾಡಿದ್ದು, ಎಷ್ಟು ದೊಡ್ಡದು, ಯಾಕೆ ಅಷ್ಟು ದೊಡ್ಡದು, ಎಲ್ಲಿ ಕೈ ನಡುಗಿದೆ, ಎಲ್ಲಿ ಬಣ್ಣ ಸೋರಲು ಬಿಟ್ಟಿದ್ದಾರೆ, ಇವನ್ನು ಕೇಳಿಕೊಳ್ಳಿ. ಗೋಡೆಯ ಮೇಲಿನ ಚೀಟಿಯನ್ನು ಆಮೇಲೆ ಓದಿ. ಮೊದಲೇ ಓದಿದರೆ ಅದು ಹೇಳಿದ್ದೇ ಕಾಣತೊಡಗುತ್ತದೆ. ಗ್ಯಾಲರಿಯವರು ಕೊಡುವ ಇಂಗ್ಲಿಷ್ ಟಿಪ್ಪಣಿ ಎಷ್ಟೋ ಸಲ ನಮಗಿರಲಿ, ಇಂಗ್ಲಿಷಿನವರಿಗೂ ಅರ್ಥವಾಗದ ಭಾಷೆಯಲ್ಲಿರುತ್ತದೆ. ಅದು ತಿಳಿಯಲಿಲ್ಲವೆಂದು ಬೇಸರಪಡಬೇಡಿ, ಅದರಲ್ಲಿ ಕೃತಿಯ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಐದು ನಿಮಿಷ ನಿಂತ ಮೇಲೂ ಏನೂ ಆಗಲಿಲ್ಲವೆ? ಮುಂದಕ್ಕೆ ಹೋಗಿ. ಟೊಳ್ಳು ಕೃತಿಗಳಿಗೂ ಕೊರತೆಯಿಲ್ಲ, ಟೊಳ್ಳು ಎನ್ನಲು ನಿಮಗೆ ಹಕ್ಕಿದೆ. ನೋಡಿ ಹೇಳಬೇಕು, ಅಷ್ಟೆ.

ಸಣ್ಣಪುಟ್ಟ ಸಂಗತಿಗಳು: ಮುಟ್ಟಬೇಡಿ, ನೆಲದ ಮೇಲಿರುವುದೂ ಕೃತಿಯಾಗಿರಬಹುದು, ಮಕ್ಕಳ ಕೈ ಹಿಡಿದುಕೊಳ್ಳಿ. ಫೋಟೋ ತೆಗೆಯುವ ಮುನ್ನ ಕೇಳಿ, ಫ್ಲ್ಯಾಶ್ ಬೇಡ. ಚಿತ್ರದ ಪಕ್ಕ ಕೆಂಪು ಚುಕ್ಕಿ ಅಂಟಿಸಿದ್ದರೆ ಮಾರಾಟವಾಗಿದೆ ಎಂದರ್ಥ. ಬೆಲೆ ಕೇಳಬಹುದು, ಕೇಳಿ ಬೆಚ್ಚಿಬೀಳುವುದೂ ಅನುಭವವೇ! ಪ್ರದರ್ಶನದ ಉದ್ಘಾಟನೆಯ ಸಂಜೆಗೆ ಆಹ್ವಾನವಿಲ್ಲದೆಯೂ ಸಾಮಾನ್ಯವಾಗಿ ಹೋಗಬಹುದು, ಆದರೆ ಆ ದಿನ ಜನರ ಬೆನ್ನು ಕಾಣುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಗುಂಪಾಗಿ ಹೋಗಬೇಕೆನ್ನುವವರಿಗೆ ಜನವರಿಯ ಮುಂಬಯಿ ಗ್ಯಾಲರಿ ವೀಕೆಂಡ್ ಅನುಕೂಲ. 2012ರಿಂದ ನಡೆಯುತ್ತಿದೆ, ಆಗ ಭಾನುವಾರವೂ ಬಾಗಿಲು ತೆರೆದಿರುತ್ತದೆ, ವಿವರಿಸಿ ಹೇಳುವವರೂ ಇರುತ್ತಾರೆ.

ಬೇರೆ ನಗರಗಳಲ್ಲಿರುವ ನಿಮ್ಮ ಬಂಧುಬಳಗಕ್ಕೂ ಹೇಳಿ. ದೆಹಲಿಯಲ್ಲಿ ಮಂಡಿ ಹೌಸ್ ವೃತ್ತದ ಸುತ್ತಲೇ ತ್ರಿವೇಣಿ ಕಲಾ ಸಂಗಮವೂ ರವೀಂದ್ರ ಭವನದ ಲಲಿತಕಲಾ ಅಕಾಡೆಮಿಯ ಗ್ಯಾಲರಿಗಳೂ ಇವೆ. 2010ರಲ್ಲಿ ಆರಂಭವಾದ ಕಿರಣ್ ನಾಡಾರ್ ಕಲಾ ಸಂಗ್ರಹಾಲಯ ಸಾಕೇತದ ಮಾಲ್ ಆವರಣದಲ್ಲಿದ್ದರೂ ಪ್ರವೇಶಕ್ಕೆ ಹಣ ತೆಗೆದುಕೊಳ್ಳದೆ ದೊಡ್ಡ ದೊಡ್ಡ ಪ್ರದರ್ಶನಗಳನ್ನು ತೋರಿಸಿದೆ. ಹೈದರಾಬಾದಿನವರಿಗೆ ಮಾಧಾಪುರದ ರಾಜ್ಯ ಕಲಾ ಗ್ಯಾಲರಿ, ಬಂಜಾರಾ ಹಿಲ್ಸ್‌ನ ಕಲಾಕೃತಿ ಇವೆ. ಚೆನ್ನೈಯಲ್ಲಿ ಗ್ರೀಮ್ಸ್ ರಸ್ತೆಯ ಲಲಿತಕಲಾ ಅಕಾಡೆಮಿ. ಅಲ್ಲಿನ ಚೋಳಮಂಡಲ ಕಲಾಗ್ರಾಮವನ್ನು 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಜತೆ ಸೇರಿ ಕಟ್ಟಿದ ಎಳೆಯರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. 'ಸಂಸ್ಕಾರ' ಚಲನಚಿತ್ರದ ಕಲಾ ನಿರ್ದೇಶಕರು ಎಂದರೆ ನಿಮಗೆ ಬೇಗ ಗುರುತು ಸಿಕ್ಕೀತು. ಪುಣೆಯವರು ಮುಂಬಯಿಗೆ ಬರಲಾಗದ ವಾರ ಬಾಲಗಂಧರ್ವ ರಂಗಮಂದಿರದ ಕಲಾದಾಲನಕ್ಕೆ ಇಣುಕಬಹುದು.

ಕೊನೆಗೆ ಒಂದು ಕೋರಿಕೆ. ಜಹಾಂಗೀರಿನ ಹಾಲಿನಲ್ಲಿ ಮೇಜಿನ ಹಿಂದೆ ಕೂತ ಕಲಾವಿದರ ಹೆಸರು, ಊರು ಆಹ್ವಾನ ಪತ್ರಿಕೆಯಲ್ಲಿ ಇರುತ್ತದೆ. ನಮ್ಮ ಕಡೆಯವರೆಂದು ಕಂಡರೆ "ಯಾವ ಊರಾತು ನಿಮ್ದು?" ಎಂದು ಕನ್ನಡದಲ್ಲೇ ಶುರು ಮಾಡಿ, ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ. ಮೇಜಿನ ಮೇಲೆ ಸಂದರ್ಶಕರ ಪುಸ್ತಕ ತೆರೆದಿಟ್ಟಿರುತ್ತಾರೆ. ಅದರಲ್ಲಿ ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಯಾವ ಚಿತ್ರ ಇಷ್ಟವಾಯಿತು, ಯಾವುದು ತಿಳಿಯಲಿಲ್ಲ, ಅಷ್ಟು ಸಾಕು. ಅದೇ ಎರಡು ಸಾಲನ್ನು ನಮ್ಮ ಕನ್ನಡ ಕಾರ್ಯಕ್ರಮಕ್ಕೂ ಬರೆದು ಕಳಿಸಿ, ಯಾವ ಹಾಲು, ಯ��ವ ದಿನದವರೆಗೆ ಎಂಬುದನ್ನು ಸೇರಿಸಿ. ಪ್ರದರ್ಶನ ಮುಗಿಯುವ ಮೊದಲೇ ಓದುತ್ತೇವೆ, ಇನ್ನೊಬ್ಬರು ಹೋಗಿ ನೋಡಲು ಅನುಕೂಲವಾಗುತ್ತದೆ. ಪುಣೆಯವರು ಮಾತಿನಲ್ಲಿ ಮೈಮರೆಯಬೇಡಿ, ನಾಲ್ಕೂವರೆಗೆ ಕಾಲಾ ಘೋಡಾ ಬಿಟ್ಟರೆ ಐದು ಹತ್ತರ ಗಾಡಿ ಸರಿಯಾಗಿ ಸಿಗುತ್ತದೆ.